ಟೀವಿಯಲ್ಲಿ ಬಂದ ನನ್ನ ಮೊಣಕೈ

ನಮ್ಮ ಮನೆಯ ಬಚ್ಚಲ ಬಾಗಿಲ ಮೊಳೆಗೆ ಒಂದು ಟವೆಲ್ಲು ನೇತುಹಾಕಿದೆ. ಬಿಳಿ ಟವೆಲ್ಲು, ಕೆಂಪಂಚು, ಒಂದು ಮೂಲೆಯಲ್ಲಿ ಎಲೆಅಡಿಕೆ ಕಲೆ. ನನ್ನದಲ್ಲ, ನನ್ನ ಗೆಳೆಯ ಸಿದ್ದುವಿನದು. ಅದರಲ್ಲಿ ಯಾರೂ ಮೈ ಒರೆಸಿಕೊಳ್ಳುವಂತಿಲ್ಲ, ಒಗೆಯುವಂತೆಯೂ ಇಲ್ಲ. ಅವ್ವ ಒಮ್ಮೆ ಗೊತ್ತಿಲ್ಲದೆ ಅದರಲ್ಲಿ ಸಾರಿನ ಪಾತ್ರೆ ಹಿಡಿದು ಒಲೆಯಿಂದ ಇಳಿಸುತ್ತಿದ್ದಾಗ ನಾನು ಕೂಗಿದ ಕೂಗಿಗೆ ಸಾರು ಅರ್ಧ ನೆಲಕ್ಕೆ, ಅರ್ಧ ಬೆಕ್ಕಿಗೆ ಹೋಯಿತು. ದಿನಾ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಅದನ್ನು ನೋಡುತ್ತೇನೆ, ಹೊಟ್ಟೆಯೊಳಗೆ ಏನೋ ಚುರುಕ್ ಅನ್ನುತ್ತದೆ. ಹಸಿವು ಅಂದುಕೊಂಡು ಮೊದಮೊದಲು ಎರಡು ಇಡ್ಲಿ ಜಾಸ್ತಿ ತಿಂದೆ. ಹಸಿವಲ್ಲ, ಹೊಟ್ಟೆಕಿಚ್ಚು. ಇಡ್ಲಿಗೆ ಬಗ್ಗುವಂಥದ್ದಲ್ಲ ಅದು.

ಹೊಟ್ಟೆಕಿಚ್ಚು ನನಗೆ ಹೊಸದೇನಲ್ಲ ಬಿಡಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನನ್ನು ಕಂಡರೆ ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೂ ಅವನ ತಲೆಯ ಹಿಂಭಾಗವನ್ನೇ ದುರುಗುಟ್ಟಿಕೊಂಡು ಹೋಗುವವನು ನಾನು. ಚಿಕ್ಕವನಾಗಿದ್ದಾಗ ನನಗೂ ಸಿದ್ದುವಿಗೂ ಒಟ್ಟಿಗೆ ಜ್ವರ ಬಂದು, ಅವನಿಗೆ ಒಂದು ಡಿಗ್ರಿ ಜಾಸ್ತಿ ಅಂತ ಗೊತ್ತಾಗಿ, ಥರ್ಮಾಮೀಟರನ್ನು ಬಿಸಿ ಟೀ ಲೋಟದಲ್ಲಿ ಅದ್ದಿದ್ದೆ. ಥರ್ಮಾಮೀಟರೂ ಹೋಯಿತು, ಟೀಯೂ ಹೋಯಿತು, ಅಪ್ಪನ ಕೈ ನನ್ನ ಬೆನ್ನಿಗೆ ಬಂತು. ಆದರೆ ಅವೆಲ್ಲ ಚಿಲ್ಲರೆ ಕಿಚ್ಚು. ಈ ಟವೆಲ್ಲಿನದು ಬೇರೆ ಜಾತಿಯದು. ಅದನ್ನು ಹೇಳಬೇಕಾದರೆ ಮೊದಲು ಸಿದ್ದುವಿನ ನಗು ಹೇಳಬೇಕು.

ಸಿದ್ದು ಹರವೆ ಕಡೆಯವನು. ಗುಂಡ್ಲುಪೇಟೆಯಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ನನ್ನ ಜೊತೆ ಓದಿದ. ಓದಿದ ಅನ್ನುವುದು ಮರ್ಯಾದೆಗೆ. ನಾನು ತರಗತಿಯ ಜೋಕರು, ಅವನು ನಗುವವನು, ಅದೇ ನಮ್ಮ ಓದು. ಅವನ ನಗು ಒಂದೇ ಏಟಿಗೆ ಬರುವುದಲ್ಲ. ಮೊದಲು ಭುಜ ಕುಣಿಯುತ್ತದೆ, ಸದ್ದಿಲ್ಲ. ಆಮೇಲೆ ಮೂಗಿನಿಂದ ಕುಕ್ಕರಿನ ಹಾಗೆ ಒಂದು ಸೀಟಿ. ಅದಾದ ಮೇಲೆ ಬಿಕ್ಕಳಿಕೆ. ಬಿಕ್ಕಳಿಕೆ ಶುರುವಾಯಿತೆಂದರೆ ಪಕ್ಕದಲ್ಲಿ ಯಾರೇ ಇರಲಿ, ಮೇಷ್ಟ್ರೇ ಇರಲಿ, ತೊಡೆಗೊಂದು ಬಿಗಿಯುತ್ತಾನೆ. ನನ್ನ ಎಡತೊಡೆ ಬಲತೊಡೆಗಿಂತ ಗಟ್ಟಿಯಾಗಿರುವುದಕ್ಕೆ ಅದೇ ಕಾರಣ ಅಂತ ನನ್ನ ನಂಬಿಕೆ.

ನಮ್ಮೂರ ಹೆದ್ದಾರಿ ಪಕ್ಕದ ಹೂವಿನ ಹೊಲಗಳನ್ನು ನೀವು ನೋಡಿರುತ್ತೀರಿ. ಚೆಂಡುಹೂವು, ಸೂರ್ಯಕಾಂತಿ ಅರಳಿದ ಕಾಲಕ್ಕೆ ಕೇರಳದವರು ಕಾರು ನಿಲ್ಲಿಸಿ ಫೋಟೋ ಹೊಡೆಸಿಕೊಳ್ಳುತ್ತಾರೆ. ಹೈಸ್ಕೂಲಿನಲ್ಲಿದ್ದಾಗ ನಾನು ಅಲ್ಲಿ ಗೈಡಾಗಿದ್ದೆ. ಯಾರೂ ನೇಮಿಸಿರಲಿಲ್ಲ. ಲಾರಿ ಡ್ರೈವರುಗಳಿಂದ ಕಲಿತ ನಾಲ್ಕು ಮಲಯಾಳಂ ಮಾತು ಇಟ್ಟುಕೊಂಡು, ಮಿಕ್ಕದ್ದನ್ನು ಮೂಗಿನಲ್ಲಿ ಕನ್ನಡ ಮಾತಾಡಿ, ಈ ಸೂರ್ಯಕಾಂತಿ ಹಗಲೆಲ್ಲ ಸೂರ್ಯನ ಕಡೆ, ಸಂಜೆ ಮೇಲೆ ಕೇರಳದ ಕಡೆ ತಿರುಗುತ್ತದೆ ಅಂತ ಒಂದು ಸಂಸಾರಕ್ಕೆ ವಿವರಿಸಿದೆ. ಅವರು ಭಕ್ತಿಯಿಂದ ತಲೆಯಾಡಿಸಿದರು. ಹಿಂದೆ ನಿಂತಿದ್ದ ಸಿದ್ದು ಭುಜ, ಸೀಟಿ, ಬಿಕ್ಕಳಿಕೆ ಎಲ್ಲ ದಾಟಿ ಹೂವಿನ ಸಾಲಿನ ಮೇಲೇ ಬಿದ್ದು ಹೊರಳಾಡಿದ. ಹೊಲದವನು ಬೆತ್ತ ಹಿಡಿದು ಓಡಿ ಬಂದ. ನಾನು ಹಾರಿಕೊಂಡೆ. ಸಿದ್ದುವಿಗೆ ನಗುವಿನಲ್ಲಿ ಕಾಲೇ ಏಳಲಿಲ್ಲ. ಏಟು ಬೀಳುತ್ತಿದ್ದಾಗಲೂ ನಗುತ್ತಿದ್ದ. ನನ್ನ ಜೋಕಿಗಾಗಿ ಏಟು ತಿಂದವನು! ಅಂಥ ಒಬ್ಬ ಸಿಕ್ಕಿದರೆ ಸಾಕು, ಉಳಿದ ಲೋಕ ನಗದಿದ್ದರೂ ನಡೆಯುತ್ತದೆ.

ಈಗ ನಾನು ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಬಾಟಲಿ ಮುಚ್ಚಳ ನೋಡುತ್ತೇನೆ. ನೋಡುವುದೇ ಕೆಲಸ. ಮುಚ್ಚಳ ಮುಂದೆ ಹೋಗುತ್ತಿರುತ್ತದೆ, ಸೊಟ್ಟಗಿದ್ದರೆ ಎತ್ತಿ ಆಚೆ ಹಾಕಬೇಕು. ಅಲ್ಲಿ ಜೋಕು ಹೇಳಿದರೆ ಮುಚ್ಚಳವೂ ನಗುವುದಿಲ್ಲ. ಸಿದ್ದು ದೊಡ್ಡಪ್ಪನ ಜೊತೆ ದನದ ದಲ್ಲಾಳಿ ಕೆಲಸಕ್ಕೆ ಬಿದ್ದ. ವಾರಕ್ಕೊಮ್ಮೆ ತೆರಕಣಾಂಬಿ ಸಂತೆ, ಹೆಗಲ ಮೇಲೆ ಈ ಟವೆಲ್ಲು.

ಹೀಗಿರುವಾಗ ಮೊಬೈಲಿನಲ್ಲಿ ನನಗೊಂದು ಇಂಗ್ಲೆಂಡಿನ ಸರಣಿ ಸಿಕ್ಕಿತು. ಒಬ್ಬ ಸಂದರ್ಶಕ ಒಂದೊಂದು ಕಂತಿನಲ್ಲಿ ಒಂದೊಂದು ಕಸುಬಿನವರ ಹಿಂದೆ ಹೋಗಿ ಅವರ ದಿನಚರಿ ಕೇಳುತ್ತಾನೆ. ನಾನು ಶ್ರದ್ಧೆಯಿಂದ ನೋಡಿದೆ. ಆ ದೇಶದ ಕಚೇರಿ, ಶಾಲೆ, ಅಂಗಡಿ ಹೇಗೆ ನಡೆಯುತ್ತವೆ ಅಂತ ಮನದಟ್ಟು ಮಾಡಿಕೊಂಡೆ. ಕ್ಯಾಂಟೀನಿನಲ್ಲಿ ನಾಲ್ಕು ಜನಕ್ಕೆ ಪಾಠ ಬೇರೆ ಹೇಳಿದೆ, "ಇಂಗ್ಲೆಂಡಲ್ಲೂ ನಮ್ ಥರನೇ ಕಣ್ರಯ್ಯ, ಯಾರಿಗೂ ಅವರವರ ಕೆಲ್ಸ ಬರಲ್ಲ" ಅಂತ. ಎಷ್ಟೋ ದಿನ ಆದಮೇಲೆ, ಅದೆಲ್ಲ ಸುಳ್ಳು, ನಟರು ನಿಜದ ಹಾಗೆ ಆಡಿದ ಹಾಸ್ಯ ಅಂತ ತಿಳಿಯಿತು. ಹಿಂದೆ ನಗುವ ಸದ್ದು ಹಾಕಿರಲಿಲ್ಲ, ಎಲ್ಲಿ ನಗಬೇಕು ಅಂತ ನನಗೆ ಯಾರು ಹೇಳಬೇಕು? ಮೊದಲು ರೇಡಿಯೋದಲ್ಲಿ ಬಂದು ಆಮೇಲೆ ಟೀವಿಗೆ ಹೋದದ್ದಂತೆ ಅದು. ಇನ್ನೂ ಒಂದು ವಿಶೇಷ: ಟೀವಿಯಲ್ಲೂ ಆ ಸಂದರ್ಶಕನ ಮುಖ ಕಾಣುವುದಿಲ್ಲ. ಬರೀ ದನಿ.

ಇಂಗ್ಲೆಂಡಿನ ಆ ಮುಖವಿಲ್ಲದವನ ಮೇಲೂ ನನಗೆ ಹೊಟ್ಟೆ ಉರಿಯಿತು. ಸಿದ್ದುವಿಗೆ ತೋರಿಸಿದೆ.

"ಇಂಥದು ನಾವೂ ಮಾಡನ ಕಣ್ಲಾ ಸಿದ್ದ. ನಾನು ಪ್ರಶ್ನೆ ಕೇಳೋನು, ನೀನು ದನದ ದಲ್ಲಾಳಿ."

"ನಾನು ದಲ್ಲಾಳಿನೇ ಅಲ್ವೇನ್ಲಾ ನಂಜ?"

"ಅದೇ, ದಲ್ಲಾಳಿ ಥರ ಆಡು."

"ದಲ್ಲಾಳಿ ದಲ್ಲಾಳಿ ಥರ ಹೆಂಗ್ಲಾ ಆಡಾದು?" ಅಂದವನು ಭುಜ ಕುಣಿಸಿದ. ಒಪ್ಪಿದ ಅಂತ ಅರ್ಥ.

ಚಾಮರಾಜನಗರದಲ್ಲಿ ಸುತ್ತಲ ಹಳ್ಳಿಗಳಿಗೆ ಮಾತ್ರ ಕೇಳಿಸುವ ಒಂದು ಪುಟ್ಟ ರೇಡಿಯೋ ಇತ್ತು. ಅಲ್ಲಿಯ ಮೇಡಂ ಒಳ್ಳೆಯವರು. ಅರ್ಧ ಗಂಟೆ ಕೊಡುತ್ತೇನೆ, ಸಂತೆಯ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಕೇಳುಗರ ಕಿವಿಗೆ ಕಟ್ಟಿಕೊಡಿ ಅಂದರು. ಮೈಕು ಹಿಡಿದು ಸಂತೆಗೆ ಹೋದೆ. ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಕನ್ನಡ.

"ತಮ್ಮ ಈ ವೃತ್ತಿಜೀವನದ ವೈಶಿಷ್ಟ್ಯಗಳನ್ನು ಶ್ರೋತೃಗಳೊಂದಿಗೆ ಹಂಚಿಕೊಳ್ಳುವಿರಾ?" ಅಂದೆ.

ಸಿದ್ದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಗಣಿ ತುಳ್ದಿದ್ದೀಯ, ಮೊದ್ಲು ಕಾಲು ಎತ್ಲಾ" ಅಂದ.

ಇನ್ನು ವ್ಯಾಪಾರ. ದನದ ಸಂತೆಗೆ ಹೋದವರಿಗೆ ಗೊತ್ತು, ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈಕೈ ಹಿಡಿಯುತ್ತಾರೆ, ಮೇಲೆ ಟವೆಲ್ಲು ಮುಚ್ಚುತ್ತಾರೆ. ಒಳಗೆ ಬೆರಳು ಬೆರಳಿಗೇ ಮಾತು. ಇಷ್ಟು ಬೆರಳು ಹಿಡಿದರೆ ಇಷ್ಟು. ಸುತ್ತ ನಿಂತವರಿಗೆ ಕಾಣುವುದು ಅಲ್ಲಾಡುವ ಬಟ್ಟೆ ಮಾತ್ರ. ಹುಟ್ಟಿದಾಗಿನಿಂದ ಇದನ್ನು ನೋಡಿದ್ದೆ. ಆದರೂ ರೇಡಿಯೋ ಕಾರ್ಯಕ್ರಮಕ್ಕೆ ಇಡೀ ತಾಲ್ಲೂಕಿನಲ್ಲಿ ಸದ್ದೇ ಇಲ್ಲದ ಕಸುಬನ್ನು ಆರಿಸಿಕೊಂಡಿದ್ದೇನೆ ಅಂತ ನನಗೆ ಹೊಳೆದದ್ದು, ಮೈಕನ್ನು ಟವೆಲ್ಲಿನ ಹತ್ತಿರ ಹಿಡಿದು ಬೆವರತೊಡಗಿದ ಮೇಲೆಯೇ. ಒಳಗೆ ಎಮ್ಮೆಯ ಯಜಮಾನನಿಗೂ ಸಿದ್ದುವಿನ ದೊಡ್ಡಪ್ಪನಿಗೂ ಭರ್ಜರಿ ಜಗ್ಗಾಟ. ಮೈಕಿಗೆ ಕೇಳುತ್ತಿರುವುದು ಪಕ್ಕದ ಎಮ್ಮೆ ಮೆಲುಕು ಹಾಕುವ ಸದ್ದು.

ನನ್ನ ಮುಖ ನೋಡಿ ಸಿದ್ದು ಮೈಕಿನ ಹತ್ತಿರ ಬಾಯಿ ತಂದು, ಕ್ರಿಕೆಟ್ಟಿನವರ ಹಾಗೆ ಪಿಸುಗುಟ್ಟತೊಡಗಿದ. "ಈಗ ಯಜಮಾನ ಎಡ್ಡು ಬೆರಳು ಇಡ್ಕಂಡ... ದೊಡ್ಡಪ್ಪ ಒಂದ್ನ ಬುಡಿಸ್ಕಂಡ... ಯಜಮಾನಂಗೆ ಸಿಟ್ಟು ಬಂದದೆ, ಮೀಸೆ ನೋಡಿ... ಅಗಾ, ಎಮ್ಮೆ ಅತ್ಲಾಗೆ ತಿರಿಕ್ಕತು, ಅದಕ್ಕೂ ಬೆಲೆ ಒಪ್ಪಿಗೆ ಇಲ್ಲ..."

ಚೆನ್ನಾಗಿತ್ತು. ಚೆನ್ನಾಗಿತ್ತು ಅನ್ನುವುದೇ ನನಗೆ ತಡೆಯಲಿಲ್ಲ. ಸಂದರ್ಶಕ ನಾನು, ಜೋಕರು ನಾನು, ಮಾತು ಅವನದು! ಕಾರ್ಯಕ್ರಮವನ್ನು ನನ್ನ ಕೈಗೆ ತಗೊಳ್ಳಬೇಕು ಅಂತ ಅಕ್ಷರಶಃ ಕೈಯನ್ನೇ ಟವೆಲ್ಲಿನೊಳಗೆ ತೂರಿಸಿ, "ಈಗ ಖುದ್ದು ನಾನೇ ವ್ಯವಹಾರದಲ್ಲಿ ಪಾಲ್ಗೊಳ್ಳುತ್ತಿದ್ದೇನೆ" ಅಂದೆ. ದೊಡ್ಡಪ್ಪ ಗಾಬರಿಯಾಗಿ ಕೈ ತೆಗೆದುಕೊಂಡರು. ಹಿಂದಿನಿಂದ ಒಂದು ಕರು ನನ್ನ ಸೊಂಟಕ್ಕೆ ಗುದ್ದಿತು. ಬೀಳಬಾರದು ಅಂತ ಯಜಮಾನನ ಇಡೀ ಅಂಗೈಯನ್ನು ಹಿಡಿದು ಹಿಂಡಿದೆ. ಕರು ಇನ್ನೊಮ್ಮೆ ಗುದ್ದಿತು, ಇನ್ನೊಮ್ಮೆ ಹಿಂಡಿದೆ. ಯಜಮಾನನ ಮುಖ ಹುಣ್ಣಿಮೆಯಾಯಿತು. ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ ಅಂತ ಹಟ ಹಿಡಿದ ಗಿರಾಕಿಯನ್ನು ಆ ಸಂತೆ ಅದುವರೆಗೂ ಕಂಡಿರಲಿಲ್ಲ.

"ಕೈ ಕೊಟ್ಟಾಯ್ತು ಕಣಪ್ಪ, ಎಮ್ಮೆ ಒಡ್ಕಂಡು ಓಗು" ಅಂದ ಯಜಮಾನ, ಹಗ್ಗವನ್ನು ನನ್ನ ಕೈಗಿಡುತ್ತ.

"ಎಮ್ಮೆ ತಕ್ಕಬುಟ್ಟ! ನಮ್ ನಂಜ ಎಮ್ಮೆ ತಕ್ಕಬುಟ್ಟ ಕಣ್ರಪ್ಪೋ!" ಅಂತ ಸಿದ್ದು ಮೈಕಿಗೆ ಹೇಳಿದ. ಭುಜ, ಸೀಟಿ, ಬಿಕ್ಕಳಿಕೆ. ಕೊನೆಗೆ ದೊಡ್ಡಪ್ಪ, "ಅವ್ನ ಕೈ ಲೆಕ್ಕಕ್ಕಿಲ್ಲ ಬುಡಣ್ಣ, ಅವ್ನು ರೇಡಿಯೋದೋನು" ಅಂತ ಹೇಳಿ ನನ್ನನ್ನೂ ಎಮ್ಮೆಯನ್ನೂ ಬೇರೆ ಮಾಡಿದರು.

ಕಾರ್ಯಕ್ರಮ ಬಂದ ಮಾರನೇ ದಿನದಿಂದ ರೇಡಿಯೋಗೆ ಫೋನೋ ಫೋನು. ಎಲ್ಲರೂ ಅದನ್ನು ನಿಜವಾದ ಕಾರ್ಯಕ್ರಮ ಅಂತಲೇ ಕೇಳಿದ್ದರು. ಆ ಪಿಸುಮಾತಿನ ದಲ್ಲಾಳಿ ಯಾರು, ಇನ್ನೊಮ್ಮೆ ಹಾಕಿ, ಆ ನಗುವಾದರೂ ಹಾಕಿ ಅಂತ.

"ನನ್ನ ಬಗ್ಗೆ ಏನಾದರೂ ಅಂದರಾ ಮೇಡಂ?" ಅಂದೆ.

ಮೇಡಂ ಸಂಕೋಚದಿಂದ, "ಅಂದ್ರು. ಆ ಪ್ರಶ್ನೆ ಕೇಳೋ ದಡ್ಡನ್ನ ಎಲ್ಲಿಂದ ಹಿಡ್ಕೊಂಡು ಬಂದ್ರಿ ಅಂತ ಕೇಳಿದ್ರು" ಅಂದರು.

ನೋಡಿ, ಇಂಗ್ಲೆಂಡಿನ ಆ ಸರಣಿಯಲ್ಲೂ ಪ್ರಶ್ನೆ ಕೇಳುವವನೇ ದಡ್ಡ. ಹಾಸ್ಯವೇ ಅದು. ಆ ಲೆಕ್ಕದಲ್ಲಿ ನಾನು ಗೆದ್ದಿದ್ದೆ. ಆದರೆ ಅಲ್ಲಿ ಒಬ್ಬ ಬುದ್ಧಿವಂತ ದಡ್ಡನಾಗಿ ನಟಿಸುತ್ತಿದ್ದ. ನಾನು ಇಡೀ ಅರ್ಧ ಗಂಟೆ ಬುದ್ಧಿವಂತನಾಗಿ ನಟಿಸಿದ್ದೆ.

ರೇಡಿಯೋದಿಂದ ಟೀವಿಗೆ ಹೋಗುವುದು ಇಂಗ್ಲೆಂಡಿನವರಿಗೆ ಮಾತ್ರ ಬರೆದಿಲ್ಲವಲ್ಲ. ಯಾರೋ ಹೇಳಿ, ಯಾರೋ ಕೇಳಿ, ಬೆಂಗಳೂರಿನಿಂದ ಒಂದು ಚಾನೆಲ್ಲಿನವರು ಕ್ಯಾಮೆರಾ ಹೊತ್ತು ಸಂತೆಗೇ ಬಂದರು. ಅದೇ ಆಟ, ಈ ಸಲ ಕಣ್ಣಿಗೆ. ನನಗೆ ಜ್ಞಾನ ಪ್ರದರ್ಶನ ಮಾಡುವ ಚಟ. ಹೋಗಿ ನಿರ್ದೇಶಕರಿಗೆ, "ಸರ್, ಇಂಗ್ಲೆಂಡಿನಲ್ಲಿ ಈ ಪ್ರಕಾರದಲ್ಲಿ ಸಂದರ್ಶಕನ ಮುಖ ತೋರಿಸಲ್ಲ" ಅಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಒಳ್ಳೇ ಪದ್ಧತಿ" ಅಂದರು. ನನ್ನ ಮುಖವನ್ನು ಟೀವಿಯಿಂದ ಆಚೆ ಹಾಕಿದವನು ನಾನೇ, ಸೊಟ್ಟ ಮುಚ್ಚಳ ಎತ್ತಿ ಹಾಕುವ ಹಾಗೆ.

ಪ್ರಸಾರದ ದಿನ ಅವ್ವ ಬೀದಿಯವರನ್ನೆಲ್ಲ ಕರೆದಿದ್ದಳು. ಚಾಪೆ ಹಾಸಿ, ಮಂಡಕ್ಕಿ ಕಲಸಿ ಇಟ್ಟಿದ್ದಳು. ತೆರೆಯ ತುಂಬ ಸಿದ್ದು. ಸಿದ್ದುವಿನ ಟವೆಲ್ಲು. ಸಿದ್ದು ಎಮ್ಮೆಯ ಕಿವಿಯಲ್ಲಿ ಪಿಸುಗುಟ್ಟುವುದು. ಬೀದಿಯವರು ಮಂಡಕ್ಕಿ ಉಗುಳಿಕೊಂಡು ನಕ್ಕರು. ಎಡತುದಿಯಲ್ಲಿ ಒಂದು ಮೊಣಕೈ ಬಂದು ಬಂದು ಹೋಗುತ್ತಿತ್ತು.

"ನಿನ್ ಮಗ ಎಲ್ಲಿ ಕಣಮ್ಮಿ?" ಅಂತ ಪಕ್ಕದ ಮನೆಯ ಅಜ್ಜಿ ಅವ್ವನನ್ನು ಕೇಳಿತು.

"ಅದೇ ಅವ್ನು, ಕಾಣ್ಲಿಲ್ವಾ? ಅಂಗಿ ತೋಳ್ನ ಮಡಿಸವ್ನೆ ನೋಡು!" ಅಂದಳು ಅವ್ವ. ಎಲ್ಲ ಹೋದ ಮೇಲೆ ನನ್ನ ತಟ್ಟೆಗೆ ಉಳಿದ ಮಂಡಕ್ಕಿ ಸುರಿಯುತ್ತ, "ಮೊಣಕೈ ಚೆಂದಾಗಿ ಬಂದದೆ ಕಣಪ್ಪ" ಅಂದಳು. ತಮಾಷೆಗಲ್ಲ. ನಿಜವಾಗಿ ಖುಷಿಪಟ್ಟಿದ್ದಳು. ಅದಕ್ಕೇ ಜಾಸ್ತಿ ಉರಿಯಿತು.

ಅಲ್ಲಿಂದ ಸಿದ್ದು ಗುಂಡ್ಲುಪೇಟೆಯ ಆಸ್ತಿಯಾದ. ಹೋಟೆಲಿನಲ್ಲಿ ಅವನ ತಟ್ಟೆಗೆ ಕೇಳದೆ ವಡೆ ಬೀಳತೊಡಗಿತು. ಅದೇ ಮೇಜಿನಲ್ಲಿ ಕೂತ ನನಗೆ ಚಟ್ನಿ ಎರಡನೇ ಸಲ ಕೇಳಿದರೂ ಬರುವುದಿಲ್ಲ. ಈರುಳ್ಳಿ ಲಾರಿಯ ಮಲಯಾಳಿ ಡ್ರೈವರೊಬ್ಬ ಕನ್ನಡವೇ ಬಾರದಿದ್ದರೂ ಇಳಿದು ಬಂದು ಅವನ ಜೊತೆ ಫೋಟೋಗೆ ನಿಂತ. ಮೊಬೈಲನ್ನು ನನ್ನ ಕೈಗೆ ಕೊಟ್ಟು, ತೆಗೆದುಕೊಡಿ ಅಂತ ಸನ್ನೆ ಮಾಡಿದ. ಸಿದ್ದುವಿನ ತಲೆ ಕತ್ತರಿಸಿ ತೆಗೆದೆ. ಬೇಕಂತಲೇ.

ವಡೆ ಹೋಗಲಿ. ಫೋಟೋವೂ ಹೋಗಲಿ. ನನ್ನನ್ನು ನಿಜವಾಗಿ ಸುಟ್ಟದ್ದು ಒಂದು ಸಂಜೆಯ ಸಂಗತಿ. ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತ, ಮುಚ್ಚಳದ ಕಾರ್ಖಾನೆಯದೊಂದು ಜೋಕು ಹೇಳಿದೆ. ಮೂರು ದಿನ ಮನಸ್ಸಿನಲ್ಲೇ ತೀಡಿ ತೀಡಿ ಇಟ್ಟುಕೊಂಡಿದ್ದ ಜೋಕು. ಹೇಳಿ ಮುಗಿಸಿ ಎಡತೊಡೆಯನ್ನು ಸಿದ್ಧವಾಗಿ ಇಟ್ಟುಕೊಂಡೆ. ಭುಜ ಅಲ್ಲಾಡಲಿಲ್ಲ. ಸಿದ್ದು ಟೀ ಹೀರಿ, ಯೋಚಿಸಿ, "ಚೆನ್ನಾಗದೆ ಕಣ್ಲಾ. ಕೊನೇದ್ನ ಮೊದ್ಲು ಯೋಳುದ್ರೆ ಇನ್ನೂ ಎತ್ತಿ ಬತ್ತದೆ" ಅಂದ.

ತಿದ್ದುಪಡಿ! ನನ್ನ ಜೋಕಿಗಾಗಿ ಬೆತ್ತದೇಟು ತಿಂದವನು ಈಗ ತಿದ್ದುಪಡಿ ಹೇಳುತ್ತಿದ್ದಾನೆ. ಊರೆಲ್ಲ ಅವನ ಮಾತಿಗೆ ನಗಲಿ, ನನ್ನ ಮಾತಿಗೆ ನಗುವುದಕ್ಕೆ ಅವನೊಬ್ಬ ಇದ್ದ. ಆ ಒಬ್ಬನೇ ಆಚೆ ಕಡೆ ಹೋಗಿ ನಿಂತುಬಿಟ್ಟಿದ್ದ.

ಅದಾದ ಸ್ವಲ್ಪ ದಿನಕ್ಕೆ ಚಾನೆಲ್ಲಿನವರು ಮುಂದಿನ ಕಂತುಗಳಿಗೆ ಸಿದ್ದುವನ್ನು ಬೆಂಗಳೂರಿಗೆ ಕರೆದರು. ನಾನು ನಿರ್ದೇಶಕರಿಗೆ ಫೋನು ಮಾಡಿ, "ಸರ್, ನಾನು ಯಾವಾಗ ಬರಲಿ?" ಅಂದೆ.

"ನಿಮಗ್ಯಾಕೆ ತೊಂದ್ರೆ? ಮುಖ ಕಾಣಲ್ಲ ಅಲ್ವಾ, ಇಲ್ಲೇ ನಮ್ಮ ಹುಡುಗ ಒಬ್ಬ ಮಾಡ್ತಾನೆ" ಅಂದರು.

ಮುಖವಿಲ್ಲದ ಪಾತ್ರಕ್ಕೆ ಯಾವ ಮುಖವಾದರೂ ಆದೀತು. ಇಂಗ್ಲೆಂಡಿನವರು ಇದನ್ನು ಯೋಚಿಸಿರಲಿಲ್ಲವೇನೋ. ನಾನು ಸಿದ್ದುವಿನ ಫೋನು ಎತ್ತುವುದು ನಿಲ್ಲಿಸಿದೆ. ಪಾಳಿ ಮುಗಿಸಿ ಬರುವಾಗ ಅವನು ಕೂರುವ ಹೋಟೆಲ್ಲು ತಪ್ಪಿಸಲು ಒಂದು ಸ್ಟಾಪು ಮೊದಲೇ ಇಳಿದು ಬಿಸಿಲಲ್ಲಿ ನಡೆದೆ. ಅವನಿಗೆ ಅದರಿಂದ ಏನೂ ನಷ್ಟವಾಗಲಿಲ್ಲ, ನನ್ನ ಚಪ್ಪಲಿ ಸವೆಯಿತು.

ಬೆಂಗಳೂರಿಗೆ ಹೊರಡುವ ಭಾನುವಾರ ಬೆಳಿಗ್ಗೆ ಅವನೇ ಬಂದ. ನಾನು ಜಗಲಿಯಲ್ಲಿ ಕೂತು ಬಹಳ ಬಿಜಿಯಾಗಿರುವವನ ಹಾಗೆ ಉಗುರು ಕತ್ತರಿಸುತ್ತಿದ್ದೆ. ಅವನು ಪಕ್ಕ ಕೂತ, ನನ್ನ ಬಲಗೈ ಎಳೆದುಕೊಂಡ, ಮೇಲೆ ಟವೆಲ್ಲು ಹಾಕಿದ.

"ಬಾಯಲ್ಲಿ ನೀನು ಯೋಳಕ್ಕಿಲ್ಲ. ಬೆರಳಲ್ಲಿ ಯೋಳು. ಎಷ್ಟದೆ ಹೊಟ್ಟೆಕಿಚ್ಚು?"

"ಏನೂ ಇಲ್ಲ, ಬುಡ್ಲಾ."

"ಯೋಳ್ಲಾ."

ನಾನು ಅವನ ಒಂದು ಬೆರಳು ಹಿಡಿದೆ. ಅವನು ನಕ್ಕು ನನ್ನ ಐದೂ ಬೆರಳು ಹಿಡಿದ. ನಾನು ಕೊಸರಿಕೊಂಡು ಎರಡಕ್ಕೆ ಏರಿದೆ. ಅವನು ಐದು ಬಿಡಲಿಲ್ಲ. ಒಳಗೆ ಚೆನ್ನಾಗಿ ಜಗ್ಗಾಟವಾಯಿತು. ಅವ್ವ ಕಾಫಿ ತಂದವಳು, "ಇದೇನ್ರಪ್ಪ, ಯಾರ್ ದನ ಮಾರ್ತಿದ್ದೀರಿ?" ಅಂದಳು.

"ನಿನ್ ಮಗನ್ನೇ ಕಣವ್ವ. ಬೆಲೆ ಏರ್ಸಕ್ಕಿಲ್ಲ ಅಂತಾವ್ನೆ" ಅಂದ ಸಿದ್ದು. ಆಮೇಲೆ ನನ್ನ ಕಡೆ ತಿರುಗಿ, "ವ್ಯಾಪಾರ ಅಂದ್ಮೇಲೆ ಎಡ್ಡು ಕಡೆನೂ ಬುಡ್ಬೇಕು. ನೀನು ಎಡ್ಡು ಬೆರಳು ಕಿಚ್ಚು ಬುಡು. ನಾನು ನಿನ್ ಜೋಕು ತಿದ್ದಾದು ಬುಡ್ತೀನಿ. ಆಯ್ತಾ?" ಅಂದ.

ಹೋಗಬೇಡ ಅಂತ ಅವನಿಗೆ ಹೇಳಬೇಕು ಅನ್ನಿಸಿತು. ಹೋಗಿ ಬಾ ಅನ್ನಬೇಕು ಅಂತಲೂ ಅನ್ನಿಸಿತು. ಎರಡೂ ಬಿಟ್ಟು, ಸಂತೆಯಲ್ಲಿ ಕರು ಗುದ್ದಿದಾಗ ಹಿಂಡಿದ್ದೆನಲ್ಲ, ಹಾಗೆ ಅವನ ಇಡೀ ಅಂಗೈ ಹಿಡಿದು ಒಮ್ಮೆ ಹಿಂಡಿದೆ. ಸೊಂಟವನ್ನು ಮುಂದಕ್ಕೆ ಎಗರಿಸಿ ಇನ್ನೊಮ್ಮೆ ಹಿಂಡಿದೆ.

ಸಿದ್ದುವಿನ ಭುಜ ಅಲ್ಲಾಡಿತು. ಮೂಗಿನಿಂದ ಸೀಟಿ ಬಂತು. ಆಮೇಲೆ ಬಿಕ್ಕಳಿಕೆ. ಆಮೇಲೆ ನನ್ನ ಎಡತೊಡೆಗೆ ಬಿತ್ತು ನೋಡಿ ಒಂದು ಏಟು, ಅವ್ವನ ಕೈಯ ಕಾಫಿ ತುಳುಕಿತು. ನಾನು ಮಾತಾಡಿರಲಿಲ್ಲ, ಮುಖದಲ್ಲೂ ಏನೂ ತೋರಿಸಿರಲಿಲ್ಲ. ನನ್ನ ಜೀವನದ ಅತ್ಯುತ್ತಮ ಜೋಕು ರೇಡಿಯೋಗೂ ಸಿಗದೆ, ಟೀವಿಗೂ ಸಿಗದೆ, ಒಂದು ಎಲೆಅಡಿಕೆ ಕಲೆಯ ಬಟ್ಟೆಯ ಕೆಳಗೆ ನಡೆದುಹೋಯಿತು.

ಐದರಲ್ಲಿ ಎರಡು ಬಿಟ್ಟು, ಮೂರು ಬೆರಳು ಕಿಚ್ಚಿಗೆ ವ್ಯಾಪಾರ ಮುಗಿಯಿತು. ಏಳುವಾಗ ಟವೆಲ್ಲನ್ನು ನನ್ನ ಹೆಗಲಿಗೆ ಎಸೆದು, "ಮುಂಗಡ ಮಡಿಕ್ಕೊ" ಅಂತ ಹೇಳಿ ಬೆಂಗಳೂರಿನ ಬಸ್ಸು ಹತ್ತಿದ.

ಮೊನ್ನೆ ಹೊಸ ಕಂತು ಬಂತು. ಈ ಸಲ ಬೀದಿಯವರನ್ನು ಕರೆಯಲಿಲ್ಲ, ನಾನೂ ಅವ್ವನೂ ಇಬ್ಬರೇ ನೋಡಿದೆವು. ತೆರೆಯ ತುಂಬ ಸಿದ್ದು, ಹೆಗಲ ಮೇಲೆ ಹೊಸ ಟವೆಲ್ಲು. ಎಡತುದಿಯಲ್ಲಿ ಒಂದು ಹೊಸ ಮೊಣಕೈ, ಬೆಳ್ಳಗೆ, ನುಣ್ಣಗೆ, ದುಬಾರಿ ಗಡಿಯಾರದ ಕೈಯದು. ಆ ಮೊಣಕೈ ಏನೋ ಜೋಕು ಹೇಳಿತು. ಸಿದ್ದು ಹಲ್ಲು ತೋರಿಸಿದ. ನಾನು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಅವನ ಭುಜವನ್ನೇ ನೋಡಿದೆ. ಅಲ್ಲಾಡಲಿಲ್ಲ. ಇಲ್ಲ, ಅಲ್ಲಾಡಿತೇನೋ. ಸ್ವಲ್ಪ.

"ಇವ್ನ ಮೊಣಕೈಗಿಂತ ನಿಂದೇ ವಾಸಿ ಕಣ್ಲಾ" ಅಂದಳು ಅವ್ವ.

ಎದ್ದು ಬಚ್ಚಲ ಬಾಗಿಲಿಗೆ ಹೋದೆ. ಟವೆಲ್ಲಿನ ಕೆಳಗೆ ನನ್ನ ಎರಡೂ ಕೈ ತೂರಿಸಿ, ನನ್ನ ಬೆರಳನ್ನು ನಾನೇ ಹಿಡಿದು ನೋಡಿಕೊಂಡೆ. ಮೂರಕ್ಕೆ ಮುಗಿದ ವ್ಯಾಪಾರ. ಈಗ ನಾಲ್ಕಾಗಿದೆ.